ಅಜ್ಜನ ‘ಕಷ್ಕಾರಿ’ ಯಾವ ಭಾಷೆ?

ಪ್ರಶ್ನೆ: ನಮ್ಮ ಅಜ್ಜ 1940ರ ದಶಕದಲ್ಲಿ ಸೈನ್ಯದ ಗುಮಾಸ್ತರಾಗಿ ಪೇಷಾವರದಲ್ಲಿದ್ದರು. ಅವರ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕನ್ನಡ ಅಕ್ಷರದಲ್ಲೇ ‘ಕಷ್ಕಾರಿ ಲೆಕ್ಕ’ ಎಂದು ಬರೆದು, ಕೆಳಗೆ ಹೀಗಿದೆ: ಈ, ಜೂ, ತ್ರೊಯ್, ಚೋರ್, ಪೊಂಜ್, ಛೊಯ್, ಸೊತ್, ಒಷ್ಟ್, ನ್ಯೊಹ್, ಜೊಶ್. ಆಮೇಲೆ ಬಿಶಿರ್, ಜೂ ಬಿಶಿರ್. ನಮ್ಮ ಚಿಕ್ಕಪ್ಪ ಇದು ಕಾಶ್ಮೀರಿ ಇರಬೇಕು ಅಂದುಕೊಂಡು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಹಾಗೇ ಬರೆದಿದ್ದಾರೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಕಷ್ಕಾರಿ, ಚಿತ್ರಾಲಿ, ಖೋವಾರ್, ಅರ್ನಿಯಾ ಅಂತ ನಾಲ್ಕು ಹೆಸರು ಬಂದವು. ಇವು ನಾಲ್ಕು ಭಾಷೆಗಳೋ, ಒಂದೋ? ನೋಟ್‌ಬುಕ್ಕನ್ನು ಒಂದು ಸಂಗ್ರಹಕ್ಕೆ ಕೊಡಬೇಕೆಂದಿದ್ದೇವೆ. ಚೀಟಿಯ ಮೇಲೆ ಏನಂತ ಬರೆಯೋದು? ಪುಟದ ಎರಡೂ ಬದಿಯ ಫೋಟೋ ಜೊತೆಗಿದೆ. ಹಿಂಬದಿ ಅಷ್ಟು ಸ್ಪಷ್ಟವಾಗಿ ಬಂದಿಲ್ಲ.

ಉತ್ತರ: ಚಿಕ್ಕಪ್ಪನ ಪೆನ್ಸಿಲ್ ಬರಹವನ್ನು ಅಳಿಸಬೇಡಿ, ಅದೂ ಆ ಪುಟದ ಚರಿತ್ರೆಯೇ. ಆದರೆ ನಂಬಲೂ ಬೇಡಿ. ಇದು ಕಾಶ್ಮೀರಿ ಅಲ್ಲ. ನಿಮಗೆ ಸಿಕ್ಕ ನಾಲ್ಕು ಹೆಸರೂ ಒಂದೇ ಭಾಷೆಯವು, ಅಜ್ಜ ಬರೆದಿರುವುದೂ ಅದೇ ಭಾಷೆ. ಆ ಭಾಷೆಯನ್ನಾಡುವವರು ಅದನ್ನು ಖೋವಾರ್ ಅಂತಾರೆ. ಪಾಕಿಸ್ತಾನದ ತೀರಾ ವಾಯವ್ಯ ಮೂಲೆಯಲ್ಲಿ, ಹಿಂದೂಕುಶ್ ಬೆಟ್ಟಗಳ ನಡುವೆ ಚಿತ್ರಾಲ್ ಅಂತ ಒಂದು ಕಣಿವೆ ಇದೆ. ಅಲ್ಲಿನ ಮುಖ್ಯ ಭಾಷೆ ಇದು.

ಹೆಸರನ್ನು ಪಕ್ಕಕ್ಕಿಟ್ಟು ಮೊದಲು ಲೆಕ್ಕ ನೋಡೋಣ. ಭಾಷೆ ಯಾವುದೆಂದು ಪತ್ತೆ ಹಚ್ಚಲು ಒಂದರಿಂದ ಹತ್ತರವರೆಗಿನ ಎಣಿಕೆಗಿಂತ ಒಳ್ಳೆಯ ಸಾಕ್ಷಿ ಸಿಗೋದು ಕಷ್ಟ. ಕಾಶ್ಮೀರಿಯಲ್ಲಿ ಒಂದಕ್ಕೆ ‘ಅಖ್’, ಎರಡಕ್ಕೆ ‘ಜ಼’ ಎಂಬಂಥ ಸದ್ದು, ಮೂರಕ್ಕೆ ‘ತ್ರೆ’, ಹತ್ತಕ್ಕೆ ‘ದಹ್’. ಅಜ್ಜನ ಪುಟದಲ್ಲಿ ಒಂದು ‘ಈ’, ಹತ್ತು ‘ಜೊಶ್’. ಇಷ್ಟಕ್ಕೇ ಕಾಶ್ಮೀರಿ ಬಿದ್ದುಹೋಯಿತು. ಚಿತ್ರಾಲಿನಲ್ಲೇ ಇರುವ ಕಲಾಷಾ ಜನರ ಭಾಷೆ ಇರಬಹುದಾ? ಅವರು ‘ಏಕ್, ದು, ತ್ರೆ, ಚೌ’ ಅಂತ ಎಣಿಸುತ್ತಾರೆ. ಅದೂ ಹೊಂದುವುದಿಲ್ಲ. ಗಿಲ್ಗಿಟ್ ಕಡೆಯ ಶಿನಾ? ಅದರಲ್ಲಿ ಎರಡು ‘ದು’, ಮೂರು ‘ಚೆ’. ಅದೂ ಅಲ್ಲ. ‘ಈ, ಜೂ, ತ್ರೊಯ್’ ಎಂದು ಶುರು ಮಾಡಿ ‘ಜೊಶ್’ಗೆ ಮುಗಿಸುವುದು ಖೋವಾರ್. ಇಪ್ಪತ್ತಕ್ಕೆ ‘ಬಿಶಿರ್’, ನಲವತ್ತಕ್ಕೆ ‘ಜೂ ಬಿಶಿರ್’, ಅಂದರೆ ಎರಡು ಇಪ್ಪತ್ತು. ಅಲ್ಲಿನವರು ಇಪ್ಪತ್ತಿಪ್ಪತ್ತರ ಗುಂಪು ಕಟ್ಟಿ ಎಣಿಸುತ್ತಾರೆ. ನಿಮ್ಮ ಅಜ್ಜ ಅದನ್ನೂ ಗಮನಿಸಿ ಬರೆದಿದ್ದಾರೆ ನೋಡಿ. ಸುಮ್ನೆ ಕಾಲ ಕಳೆಯೋಕೆ ಗೀಚಿದ ಪುಟ ಇದಲ್ಲ.

ಆ ಪುಟದಲ್ಲಿ ನನಗೆ ಖುಷಿ ಕೊಟ್ಟದ್ದು ಇನ್ನೊಂದಿದೆ. ಏಳು, ಎಂಟು, ಹತ್ತು, ಈ ಮೂರನ್ನು ಮತ್ತೆ ಓದಿ: ಸೊತ್, ಒಷ್ಟ್, ಜೊಶ್. ಒಂದಕ್ಕೆ ಸ, ಒಂದಕ್ಕೆ ಷ, ಒಂದಕ್ಕೆ ಶ. ಸಂಸ್ಕೃತದ ಸಪ್ತ, ಅಷ್ಟ, ದಶ ನೆನಪಿಸಿಕೊಳ್ಳಿ. ಅಲ್ಲಿಯೂ ಅದೇ ಮೂರು. ನಾವು ಶಾಲೆಯಲ್ಲಿ ಶ ಮತ್ತು ಷ ಬೇರೆ ಬೇರೆ ಬರೆಯಲು ಕಲಿತೆವು, ಆದರೆ ಮಾತಾಡುವಾಗ ಎರಡನ್ನೂ ಒಂದೇ ಥರ ಹೇಳುತ್ತೇವೆ, ಅಲ್ವಾ? ಖೋವಾರ್ ಮಾತಾಡುವವರ ಬಾಯಲ್ಲಿ ಆ ಮೂರೂ ಇವತ್ತಿಗೂ ಬೇರೆ ಬೇರೆ. ನಿಮ್ಮ ಅಜ್ಜ ಈ ಲೆಕ್ಕವನ್ನು ಉರ್ದು ಪುಸ್ತಕದಿಂದ ನಕಲು ಮಾಡಿದ್ದರೆ ಈ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಉರ್ದುವಿನಲ್ಲಿ ಷಕ್ಕೆ ಬೇರೆ ಅಕ್ಷರವೇ ಇಲ್ಲ. ಅವರು ಯಾರದೋ ಬಾಯಿಂದ ಕೇಳಿ, ಕನ್ನಡದ ಅಕ್ಷರ ಆರಿಸಿ ಬರೆದಿದ್ದಾರೆ. ಒಳ್ಳೆಯ ಕಿವಿ.

ಈಗ ಹೆಸರಿನ ವಿಚಾರ. ಈ ಭಾಷೆಯ ಒಂದೊಂದು ಹೆಸರೂ ಒಂದೊಂದು ದಿಕ್ಕಿನಿಂದ ಬಂದದ್ದು. ದಕ್ಷಿಣದಿಂದ ನೋಡಿದವರು ಒಂದು ಕೊಟ್ಟರು, ಪೂರ್ವದಿಂದ ನೋಡಿದವರು ಇನ್ನೊಂದು, ನಕ್ಷೆ ಮತ್ತು ಸುದ್ದಿಪತ್ರಿಕೆ ಓದಿದವರು ಮತ್ತೊಂದು. ಒಳಗಿನವರದ್ದು ಒಂದೇ.

ಒಳಗಿನ ಹೆಸರಿನಿಂದಲೇ ಶುರು ಮಾಡೋಣ. ಖೋವಾರ್ ಎಂಬುದರಲ್ಲಿ ಎರಡು ತುಂಡುಗಳಿವೆ. ‘ಖೋ’ ಅಂದರೆ ಆ ಜನ. ‘ವಾರ್’ ಅಂದರೆ ಮಾತು, ಭಾಷೆ. ಖೋ ಜನರ ಮಾತು, ಅಷ್ಟೇ. ನಮ್ಮ ಕೊಡಗಿನಲ್ಲಿ ‘ಕೊಡವ ತಕ್ಕ್’ ಅನ್ನುತ್ತಾರಲ್ಲ, ‘ತಕ್ಕ್’ ಅಂದರೆ ಮಾತು, ಅದೇ ಕಟ್ಟು. ಹಾಗಾಗಿ ‘ಖೋವಾರ್ ಭಾಷೆ’ ಅಂತ ಬರೆದರೆ ಕಟ್ಟುನಿಟ್ಟಾಗಿ ನೋಡಿದಾಗ ‘ಖೋ ಭಾಷೆ ಭಾಷೆ’ ಅಂದಂತೆ. ನಾವು ‘ಗೇಟು ಬಾಗಿಲು’ ಅನ್ನುವುದಿಲ್ಲವಾ, ಹಾಗೆ. ತಪ್ಪೇನಿಲ್ಲ, ನಾನೂ ಹಾಗೇ ಬರೆಯುತ್ತೇನೆ.

ಖೋ ಎಂಬ ಹೆಸರು ಊರುಗಳ ಹೆಸರಿನಲ್ಲೂ ಕೂತಿದೆ. ಮೇಲಿನ ಚಿತ್ರಾಲಿನಲ್ಲಿ ತೋರ್‌ಖೋ ಮತ್ತು ಮುಲ್‌ಖೋ ಎಂಬ ಎರಡು ಪ್ರದೇಶಗಳಿವೆ. ಮೇಲಿನ ಖೋ, ಕೆಳಗಿನ ಖೋ ಅಂತ ಅರ್ಥ. ಈ ಜನರ ಹಳೆಯ ನೆಲೆ ಆ ಮೇಲಿನ ಕಣಿವೆಗಳು. ಅಲ್ಲಿಂದ ಅವರೂ ಅವರ ಮಾತೂ ಕೆಳಗೆ ಚಿತ್ರಾಲ್ ಊರಿನ ಕಡೆಗೆ ಇಳಿದು ಬಂದದ್ದು ಆಮೇಲೆ. ಅಂದರೆ ಯಾವ ಊರಿನ ಹೆಸರನ್ನು ನಾವು ಈ ಭಾಷೆಗೆ ಅಂಟಿಸುತ್ತಿದ್ದೇವೋ ಆ ಊರಿಗೆ ಈ ಭಾಷೆ ಹೊರಗಿನಿಂದ ಬಂದದ್ದು!

‘ವಾರ್’ ಎಂಬ ಬಾಲ ಅವರ ಭಾಷೆಗೆ ಮಾತ್ರ ಮೀಸಲಲ್ಲ. ಅಕ್ಕಪಕ್ಕದವರ ಭಾಷೆಗಳಿಗೂ ಅವರು ಅದನ್ನೇ ಸೇರಿಸುತ್ತಾರೆ. ಕಲಾಷಾ ಜನರ ಮಾತು ಅವರಿಗೆ ‘ಕಲಾಷ್‌ವಾರ್’. ಅಶ್ರೇತ್ ಕಡೆ ಆಡುವ ಪಲೂಲಾ ಭಾಷೆ ‘ಡಂಗರಿಕ್‌ವಾರ್’. ಯಾಸೀನ್ ಕಣಿವೆಯ ಬುರುಷಸ್ಕಿ ಭಾಷೆಯನ್ನು ಹಳೆಯ ಪುಸ್ತಕಗಳು ‘ವರ್ಚಿಕ್‌ವಾರ್’ ಎಂದು ಬರೆಯುತ್ತವೆ. ಬುರುಷಸ್ಕಿಗೆ ಜಗತ್ತಿನ ಯಾವ ಭಾಷೆಯ ಜೊತೆಗೂ ಸಂಬಂಧ ಸಾಬೀತಾಗಿಲ್ಲ, ಆದರೂ ಅದರ ಆ ಹೆಸರಿಗೆ ಖೋವಾರ್‌ನ ಬಾಲ ಇದೆ. ಹಳೆಯ ಪಟ್ಟಿಗಳಲ್ಲಿ ‘ವಾರ್’ ಎಂದು ಮುಗಿಯುವ ಹೆಸರು ಕಂಡರೆ, ಮಾಹಿತಿ ಕೊಟ್ಟವರು ಬಹುಶಃ ಖೋ ಜನ ಅಂತ ಊಹಿಸಬಹುದು. ಆದರೆ ಒಂದು ಎಚ್ಚರ. ಚಿತ್ರಾಲಿನ ದಕ್ಷಿಣ ತುದಿಯಲ್ಲಿ ‘ಗವಾರ್ ಬತಿ’ ಎಂಬ ಭಾಷೆ ಇದೆ. ಅಲ್ಲಿ ಗವಾರ್ ಎಂಬುದು ಜನರ ಹೆಸರು, ‘ಬತಿ’ ಎಂಬುದೇ ಮಾತು. ಬಾಲ ನೋಡಿ ಜಾತಿ ಹೇಳಲು ಹೋಗಿ ಇಲ್ಲಿ ಜಾರಿಬಿದ್ದವರಿದ್ದಾರೆ.

ಇನ್ನು ಚಿತ್ರಾಲಿ. ಜಾಸ್ತಿ ಬಳಕೆಯಲ್ಲಿರುವ ಹೊರಗಿನ ಹೆಸರು ಇದೇ. ತಮಾಷೆ ಏನೆಂದರೆ ಚಿತ್ರಾಲ್ ಎಂಬ ಉಚ್ಚಾರಣೆಯೇ ಅಲ್ಲಿನದಲ್ಲ. ಊರಿನವರು ‘ಛೆತ್ರಾರ್’ ಅನ್ನುತ್ತಾರೆ, ಕೊನೆಯಲ್ಲಿ ರ್. ಕೊನೆಗೆ ಲ್ ಇರುವ ರೂಪ ಹೊರಗಿನವರ ಬಾಯಲ್ಲಿ, ಬರಹದಲ್ಲಿ, ನಕ್ಷೆಯಲ್ಲಿ ನಿಂತದ್ದು. ಹೀಗಾಗಿ ಕೆಲವು ಹಳೆಯ ದಾಖಲೆಗಳಲ್ಲಿ ಚಿತ್ರಾರಿ, ಚತ್ರಾರಿ ಎಂಬ ರೂಪಗಳೂ ಸಿಗುತ್ತವೆ. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯಲ್ಲಿ, 1919ರಲ್ಲಿ ಬಂದ ಎಂಟನೇ ಸಂಪುಟದ ಎರಡನೇ ಭಾಗದಲ್ಲಿ, ಈ ಭಾಷೆಯ ಬಗ್ಗೆ ಇದೆ. ಅಲ್ಲಿ ಖೋವಾರ್ ಎಂಬುದೇ ಮುಖ್ಯ ಹೆಸರು. ಚಿತ್ರಾಲಿ ಎಂದೂ ಕರೆಯುತ್ತಾರೆ ಅಂತ ಜೊತೆಗೆ ಹೇಳಿದ್ದಾರೆ.

ಚಿತ್ರಾಲ್ ಎಂಬ ಹೆಸರು ಇಂಗ್ಲಿಷ್ ಓದುವ ಜಗತ್ತಿಗೆಲ್ಲ ಗೊತ್ತಾದದ್ದು 1895ರಲ್ಲಿ. ಆಗ ಅದು ‘ಮೆಹ್ತರ್’ ಎಂಬ ಬಿರುದಿನ ದೊರೆಗಳು ಆಳುತ್ತಿದ್ದ ಸಂಸ್ಥಾನ. ಗದ್ದುಗೆ ಜಗಳ ಎದ್ದು, ಅಲ್ಲಿನ ಕೋಟೆಯಲ್ಲಿ ಬ್ರಿಟಿಷ್ ತುಕಡಿಯೊಂದು ಒಂದೂವರೆ ತಿಂಗಳು ಮುತ್ತಿಗೆಯಲ್ಲಿ ಸಿಕ್ಕಿಕೊಂಡಿತ್ತು. ಲಂಡನ್ ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿ. ಅದೇ ವರ್ಷ ಓಬ್ರಿಯನ್ ಎಂಬ ಅಧಿಕಾರಿ ಬರೆದ ಈ ಭಾಷೆಯ ವ್ಯಾಕರಣ ಅಚ್ಚಾಯಿತು. ಅದರ ಹೆಸರಿನಲ್ಲಿ ಖೋವಾರ್ ಅಂತ ಹಾಕಿ, ಪಕ್ಕದಲ್ಲಿ ಚಿತ್ರಾಲಿ ಅಂತಲೂ ಸೇರಿಸಿದ್ದಾರೆ. ಖೋವಾರ್ ಅಂದರೆ ಆ ಕಾಲದ ಓದುಗನಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಚಿತ್ರಾಲಿ ಅಂದರೆ ತಕ್ಷಣ ಗೊತ್ತಾಗುತ್ತಿತ್ತು. ಈಗಲೂ ಅದೇ ಕತೆ.

ಚಿತ್ರಾಲಿ ಎಂಬ ಹೆಸರಿನಲ್ಲಿ ತೊಡಕೇನು ಅಂತ ಕೇಳಬಹುದು. ಎರಡು ತೊಡಕಿದೆ. ಮೊದಲನೆಯದು, ಚಿತ್ರಾಲಿನಲ್ಲಿ ಹತ್ತಕ್ಕೂ ಜಾಸ್ತಿ ಭಾಷೆಗಳಿವೆ. 2017ರ ಜನಗಣತಿಯ ಪ್ರಕಾರ ಇಡೀ ಚಿತ್ರಾಲಿನ ಜನಸಂಖ್ಯೆ ಸುಮಾರು 4.47 ಲಕ್ಷ. ನಮ್ಮ ಒಂದು ಮಧ್ಯಮ ಗಾತ್ರದ ಊರಿನಷ್ಟು. ಅಷ್ಟು ಜನರ ನಡುವೆ ಖೋವಾರ್ ಅಲ್ಲದೆ, ಬುಂಬುರೇತ್, ರುಂಬೂರ್, ಬಿರೀರ್ ಎಂಬ ಮೂರು ಕಣಿವೆಗಳಲ್ಲಿ ಕಲಾಷಾ ಇದೆ. ಲುಟ್‌ಕೋಹ್ ಕಡೆ ಯಿದ್ಘಾ, ಬ್ರೋಘಿಲ್ ಕಡೆ ವಖೀ, ಮದಕ್ಲಷ್ಟ್‌ನಲ್ಲಿ ಒಂದು ಬಗೆಯ ಪಾರ್ಸಿ, ದಕ್ಷಿಣದಲ್ಲಿ ಪಲೂಲಾ, ದಮೇಲಿ, ಗವಾರ್ ಬತಿ, ಪಶ್ತೋ, ಇನ್ನೂ ಗುಜರಿ, ನೂರಿಸ್ತಾನದ ಕಡೆಯ ಭಾಷೆಗಳು. ಕಲಾಷಾ ಹುಡುಗಿಯೂ ಚಿತ್ರಾಲಿಯೇ, ಅವಳ ಮನೆಮಾತು ‘ಚಿತ್ರಾಲಿ’ ಅಲ್ಲ. ಕೊಡಗಿನಲ್ಲಿ ಅರೆಭಾಷೆ, ಯರವ, ಜೇನುಕುರುಬ, ಕನ್ನಡ ಎಲ್ಲ ಇರುವಾಗ ಕೊಡವ ತಕ್ಕ್ ಒಂದನ್ನೇ ‘ಕೂರ್ಗಿ’ ಅಂದಂತೆ.

ಎರಡನೆಯದು ಇದರ ತಿರುವು. ಚಿತ್ರಾಲಿನ ಹೊರಗೂ ಖೋವಾರ್ ಇದೆ. ಶಂದೂರ್ ಕಣಿವೆದಾರಿ ಸುಮಾರು 3,700 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟಿ ಪೂರ್ವಕ್ಕೆ ಇಳಿದರೆ ಘಿಜರ್ ಪ್ರದೇಶ. ಅದು ಈಗ ಗಿಲ್ಗಿಟ್-ಬಾಲ್ಟಿಸ್ತಾನದ ಆಡಳಿತದಲ್ಲಿದೆ. ಫಂಡರ್, ಗೂಪಿಸ್, ಯಾಸೀನ್, ಇಷ್ಕೋಮನ್ ಕಡೆಗಳಲ್ಲಿ ಖೋವಾರ್ ಮಾತಾಡುವವರು ಬೇಕಾದಷ್ಟಿದ್ದಾರೆ. ಅವರು ಚಿತ್ರಾಲಿನವರಲ್ಲ. ‘ನಿಮ್ಮ ಭಾಷೆ ಚಿತ್ರಾಲಿ’ ಅಂದರೆ ಅವರಿಗೆ ಒಪ್ಪಿಗೆ ಆಗೋದು ಕಷ್ಟ. ಕಾಸರಗೋಡಿನ ಕನ್ನಡಿಗನಿಗೆ ನಿನ್ನದು ಬೆಂಗಳೂರಿನ ಭಾಷೆ ಅಂದ ಹಾಗಾಗುತ್ತದೆ.

ಹಾಗಂತ ಚಿತ್ರಾಲಿ ಅನ್ನೋದು ಅವಮಾನದ ಮಾತೇನಲ್ಲ. ಖೋ ಜನರೇ ಹೊರಗಿನವರ ಮುಂದೆ ಅದನ್ನು ಧಾರಾಳವಾಗಿ ಬಳಸುತ್ತಾರೆ. ಕೆಲವು ವರ್ಷಗಳ ಹಿಂದೆ ದುಬೈನಲ್ಲಿ ಒಂದು ಟ್ಯಾಕ್ಸಿ ಹತ್ತಿದ್ದೆ. ಡ್ರೈವರ್ ತಲೆ ಮೇಲೆ ಅಂಚು ಸುತ್ತಿದ ಉಣ್ಣೆಯ ಟೋಪಿ, ಪಾಕಿಸ್ತಾನದಲ್ಲಿ ಅದನ್ನು ಚಿತ್ರಾಲಿ ಟೋಪಿ ಅಂತಲೇ ಕರೆಯುತ್ತಾರೆ. ಅದೇ ಟೋಪಿಯನ್ನು ಪಠಾಣರೂ ಹಾಕುವುದರಿಂದ, ಪಶ್ತೋ ಮಾತಾಡ್ತೀರಾ ಅಂತ ಹಿಂದಿಯಲ್ಲಿ ಕೇಳಿದೆ. ‘ನಹೀ, ಚಿತ್ರಾಲಿ’ ಅಂದ. ಕನ್ನಡಿಯಲ್ಲಿ ನನ್ನನ್ನು ನೋಡಲೂ ಇಲ್ಲ, ದಿನಕ್ಕೆ ಹತ್ತು ಸಲ ಕೊಡುವ ಉತ್ತರ ಇರಬೇಕು. ‘ಖೋವಾರ್?’ ಅಂದೆ. ಸಿಗ್ನಲ್ ಕೆಂಪಿತ್ತು, ಪುಣ್ಯಕ್ಕೆ. ಪೂರ್ತಿ ಹಿಂದೆ ತಿರುಗಿ ನೋಡಿದ. ನನಗೆ ಬರುತ್ತಿದ್ದ ಎರಡೇ ಪದ ‘ಬೋ ಜಾಮ್’, ಬಹಳ ಚೆನ್ನಾಗಿದೆ ಅಂತ. ಅಷ್ಟಕ್ಕೇ ಊರು ಯಾವುದು, ಮನೆ ಯಾವುದು, ಮಕ್ಕಳೆಷ್ಟು ಎಲ್ಲ ಶುರುವಾಯಿತು. ಅವನಿಗೆ ಚಿತ್ರಾಲಿ ಎಂಬುದು ಗಿರಾಕಿಗೆ ಹೇಳುವ ಹೆಸರು. ಖೋವಾರ್ ಮನೆಯ ಹೆಸರು.

ಈಗ ನಿಮ್ಮ ಅಜ್ಜನ ಹೆಸರಿಗೆ ಬರೋಣ, ಕಷ್ಕಾರಿ. ನಿಮ್ಮ ನೋಟ್‌ಬುಕ್ಕಿನ ಗುಟ್ಟು ಇರುವುದು ಇಲ್ಲೇ. ಚಿತ್ರಾಲ್ ಪ್ರದೇಶಕ್ಕೆ ದಕ್ಷಿಣದ ಪಠಾಣರು, ಮತ್ತೆ ಪಾರ್ಸಿಯಲ್ಲಿ ಬರೆಯುತ್ತಿದ್ದವರು, ಬಹಳ ಕಾಲದಿಂದ ‘ಕಷ್ಕಾರ್’ ಅಥವಾ ‘ಕಾಷ್ಕಾರ್’ ಅನ್ನುತ್ತಿದ್ದರು. ಆ ಊರಿನವನು ಕಷ್ಕಾರಿ, ಅವನ ಮಾತೂ ಕಷ್ಕಾರಿ. ಖೋ ಜನ ತಮ್ಮ ಭಾಷೆಗೆ ತಾವೇ ಇಟ್ಟುಕೊಂಡ ಹೆಸರಲ್ಲ ಇದು. ಪೇಷಾವರದ ಬಜಾರಿನಲ್ಲಿ ಪಶ್ತೋ ಮಾತಾಡುವವರು ಬಳಸುತ್ತಿದ್ದ ಹೆಸರು. ನಿಮ್ಮ ಅಜ್ಜ ಚಿತ್ರಾಲಿಗೆ ಹೋಗಿ ಇದನ್ನು ಕಲಿತಿದ್ದರೆ ಪುಟದ ಮೇಲೆ ಖೋವಾರ್ ಅಂತಲೋ ಛೆತ್ರಾರಿ ಅಂತಲೋ ಬರೆಯುವ ಸಾಧ್ಯತೆ ಜಾಸ್ತಿ. ಕಷ್ಕಾರಿ ಅಂತ ಬರೆದಿರುವುದರಿಂದ ನನ್ನ ಊಹೆ ಇದು: ಅವರು ಪೇಷಾವರದಲ್ಲೇ ಇದ್ದು, ಅಲ್ಲಿಗೆ ಕೆಲಸಕ್ಕೋ ವ್ಯಾಪಾರಕ್ಕೋ ಬಂದಿದ್ದ ಚಿತ್ರಾಲಿನವನಿಂದ ಎಣಿಕೆ ಕೇಳಿಕೊಂಡರು. ಭಾಷೆಯ ಹೆಸರನ್ನು ಮಾತ್ರ ಸುತ್ತಲಿನವರು ಕರೆಯುವಂತೆ ಬರೆದುಕೊಂಡರು. ಚಳಿಗಾಲದಲ್ಲಿ ಲೋವಾರಿ ಕಣಿವೆದಾರಿ ಹಿಮದಿಂದ ಮುಚ್ಚಿಹೋಗುತ್ತಿತ್ತು. ಕೆಳಗೆ ಬಂದ ಚಿತ್ರಾಲಿನವರು ದಾರಿ ತೆರೆಯುವವರೆಗೆ ಬಯಲಿನಲ್ಲೇ ಉಳಿಯಬೇಕಾಗುತ್ತಿತ್ತು. ಆ ದಾರಿಯ ಅಡಿಯ ಸುರಂಗ ಅಧಿಕೃತವಾಗಿ ತೆರೆದದ್ದು 2017ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಕಷ್ಕಾರ್ ಎಂಬ ಹೆಸರು ಗೊಂದಲದ ಗೂಡು. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಕಾಷ್ಗರ್ ಎಂಬ ದೊಡ್ಡ ಊರಿದೆ. ಕ ಮತ್ತು ಗ ನಡುವಿನ ಒಂದು ಅಕ್ಷರದ ವ್ಯತ್ಯಾಸ. ಎರಡೂ ಅದೇ ಬೆಟ್ಟಗಳ ಆಚೀಚೆ. ಹಳೆಯ ಪ್ರವಾಸಿಗಳು, ನಕ್ಷೆ ಬರೆದವರು ಎರಡನ್ನೂ ಕಲಸಿಬಿಟ್ಟಿದ್ದಾರೆ. ಕಾಷ್ಗರ್‌ನಲ್ಲಿ ಆಡುವುದು ಉಯ್ಗುರ್, ಅದು ತುರ್ಕಿ ಬಳಗದ ಭಾಷೆ. ಇನ್ನು ಇರಾನಿನಲ್ಲಿ ಕಷ್ಕಾಯಿ ಎಂಬ ಅಲೆಮಾರಿ ಜನರಿದ್ದಾರೆ, ಅವರದ್ದೂ ತುರ್ಕಿ ಬಳಗವೇ, ಅವರಿಗೂ ಚಿತ್ರಾಲಿಗೂ ಏನೂ ಸಂಬಂಧವಿಲ್ಲ. ಇವುಗಳ ಜೊತೆ ಕಾಶ್ಮೀರಿಯೂ ಇದೆ. ನಿಮ್ಮ ಚಿಕ್ಕಪ್ಪ ಎಡವಿದ ಜಾಗದಲ್ಲಿ ಅವರಿಗಿಂತ ದೊಡ್ಡವರೇ ಎಡವಿದ್ದಾರೆ, ಅವರಿಗೆ ಬೇಜಾರು ಬೇಡ ಅಂತ ಹೇಳಿ.

ಉಳಿದದ್ದು ಅರ್ನಿಯಾ. ಇದರ ಹಿಂದೆ ಒಬ್ಬ ವಿಚಿತ್ರ ಮನುಷ್ಯ ಇದ್ದಾನೆ, ಲೈಟ್ನರ್ ಅಂತ. ಬುಡಾಪೆಸ್ಟ್‌ನಲ್ಲಿ ಹುಟ್ಟಿದವನು, ಹತ್ತಾರು ಭಾಷೆ ಬಲ್ಲವನು, ಲಾಹೋರಿನ ಸರ್ಕಾರಿ ಕಾಲೇಜಿನ ಮೊದಲ ಪ್ರಾಂಶುಪಾಲ. ಮುಂದೆ 1889ರಲ್ಲಿ ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಮಸೀದಿ ಕಟ್ಟಿಸಿದ್ದೂ ಅವನೇ. 1866ರಲ್ಲಿ ಗಿಲ್ಗಿಟ್ ಕಡೆ ಹೋಗಿ ಅಲ್ಲಿನ ಭಾಷೆಗಳ ಪದಗಳನ್ನು ಒಟ್ಟುಮಾಡಿದ. ‘ದರ್ದಿಸ್ತಾನ್’ ಎಂಬ ಹೆಸರನ್ನು ಚಲಾವಣೆಗೆ ತಂದವನೂ ಅವನೇ, ಅಲ್ಲಿನ ಯಾರೂ ತಮ್ಮ ನಾಡನ್ನು ಹಾಗೆ ಕರೆಯುತ್ತಿರಲಿಲ್ಲ. ಅವನು ಈ ಭಾಷೆಯನ್ನು ಮುಟ್ಟಿದ್ದು ಪೂರ್ವದಿಂದ, ಶಿನಾ ಮಾತಾಡುವವರ ಕಡೆಯಿಂದ. ಯಾಸೀನಿನಲ್ಲಿ ಖೋವಾರ್ ಆಡುವ ಭಾಗಕ್ಕೆ ಶಿನಾದವರು ‘ಅರಿನಾ’ ಅನ್ನುತ್ತಿದ್ದರು. ಅದರಿಂದ ಅರ್ನಿಯಾ. ಒಂದು ಭಾಷೆಯ ಅಂಚಿನ ತುಂಡಿಗೆ ಪಕ್ಕದವರು ಇಟ್ಟ ಹೆಸರನ್ನು ಇಡೀ ಭಾಷೆಗೆ ಹಚ್ಚಿದ ಹಾಗಾಯಿತು. 1877ರಲ್ಲಿ ಗಿಲ್ಗಿಟ್‌ಗೆ ಬ್ರಿಟಿಷ್ ಅಧಿಕಾರಿಯಾಗಿ ಬಂದ ಬಿಡಲ್ಫ್ 1880ರಲ್ಲಿ ಹಿಂದೂಕುಶ್ ಜನರ ಬಗ್ಗೆ ಬರೆದಾಗ ಇದನ್ನು ಗುರುತಿಸಿ, ಜನ ತಾವೇ ಬಳಸುವ ಖೋವಾರ್ ಎಂಬ ಹೆಸರನ್ನೇ ಹಿಡಿದ. ಅಲ್ಲಿಂದ ಮುಂದೆ ಅರ್ನಿಯಾ ಹಿಂದೆ ಸರಿಯಿತು, ಆದರೆ ಸಾಯಲಿಲ್ಲ. ಪಟ್ಟಿಗಳಲ್ಲಿ ಒಮ್ಮೆ ಸೇರಿದ ಹೆಸರು ಸಾಯೋದೇ ಇಲ್ಲ.

ಇದು ನನ್ನ ಅನುಭವದ ಮಾತು. ಓದುವ ದಿನಗಳಲ್ಲಿ ಹಿಂದೂಕುಶ್ ಭಾಷೆಗಳ ಪಟ್ಟಿ ಮಾಡಲು ಹೇಳಿದ್ದರು. ಒಂದೊಂದು ಭಾಷೆಗೆ ಒಂದೊಂದು ಕಾರ್ಡು. ನಾನು ಅರ್ನಿಯಾಕ್ಕೆ ಒಂದು, ಖೋವಾರ್‌ಗೆ ಒಂದು, ಕಷ್ಕಾರಿಗೆ ಒಂದು ಮಾಡಿ, ಹೊಸ ಭಾಷೆ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ತಗೊಂಡು ಹೋದೆ. ಮೇಷ್ಟ್ರು ಮೂರೂ ಕಾರ್ಡನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ‘ಕಣ್ಣೀರು’ ಎಂಬ ಪದವನ್ನು ಮೂರರಲ್ಲೂ ಓದಿಸಿದರು. ಮೂರರಲ್ಲೂ ‘ಅಶ್ರು’. ‘ಹೃದಯ’ ಓದು ಅಂದರು. ಮೂರರಲ್ಲೂ ‘ಹರ್ದಿ’. ಮತ್ತೇನೂ ಹೇಳದೆ ಎರಡು ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದರು.

ಅಶ್ರು, ಹರ್ದಿ ಅಂದಾಗ ನಿಮಗೂ ಕಿವಿ ನಿಮಿರಿರಬೇಕು. ಈ ಭಾಷೆಗಳನ್ನು ಸ್ಥಳಕ್ಕೇ ಹೋಗಿ ದಶಕಗಳ ಕಾಲ ಅಭ್ಯಾಸ ಮಾಡಿದ ನಾರ್ವೆಯ ಮೊರ್ಗೆನ್‌ಸ್ಟಿಯರ್ನ ಅವರ ಮಾತಿನ ಸಾರ ಇಷ್ಟು: ಇವತ್ತು ಜೀವಂತ ಇರುವ ಭಾರತೀಯ ಆರ್ಯ ಭಾಷೆಗಳಲ್ಲಿ ಹಲವು ವಿಷಯಗಳಲ್ಲಿ ಅತಿ ಹಳೆಯ ರೂಪ ಉಳಿಸಿಕೊಂಡದ್ದು ಖೋವಾರ್, ಸಂಸ್ಕೃತದ ವಿಭಕ್ತಿ ಪ್ರತ್ಯಯಗಳಲ್ಲಿ ಬಹುಪಾಲು ಅದರಲ್ಲಿ ಉಳಿದಿವೆ. ಬೆಟ್ಟಗಳ ನಡುವೆ ಒಂಟಿಯಾಗಿ ಇದ್ದದ್ದು ಇದಕ್ಕೆ ಒಂದು ಕಾರಣ. ಆದರೆ ಅದು ಪೂರ್ತಿ ಮುಚ್ಚಿದ ಪೆಟ್ಟಿಗೆಯೇನಲ್ಲ. ಪಾರ್ಸಿಯ ಪದಗಳು ಬೇಕಾದಷ್ಟು ಸೇರಿವೆ. ಇನ್ನೊಂದು ವಿಷಯ ಕನ್ನಡಿಗರಿಗೆ ಇಷ್ಟವಾಗಬಹುದು. ಹಿಂದಿಯಲ್ಲಿ ನಮ್ಮನ್ನು ಕಾಡುವ ಗಂಡು ಬಾಗಿಲು, ಹೆಣ್ಣು ಕುರ್ಚಿ ಎಂಬ ಗೋಳು ಖೋವಾರ್‌ನಲ್ಲಿ ಇಲ್ಲ. ಅಲ್ಲಿ ಇರುವ ಭೇದ ಜೀವ ಇದ್ದದ್ದು, ಇಲ್ಲದ್ದು ಅಂತ. ಮನುಷ್ಯನೋ ಪ್ರಾಣಿಯೋ ಇದ್ದರೆ ‘ಅಸೂರ್’, ವಸ್ತು ಇದ್ದರೆ ‘ಶೇರ್’.

ಭಾಷಾ ಕೋಶಗಳ ಪಟ್ಟಿಯಲ್ಲಿ ಇನ್ನೂ ಕೆಲವು ಹೆಸರು ನಿಮಗೆ ಎದುರಾಗಬಹುದು: ಕೋಹ್ವಾರ್, ಕೋವಾರ್, ಖವಾರ್, ಕಷ್ಕಾರಾ, ಪಟು. ಮೊದಲ ಮೂರು ಬರೀ ಕಾಗುಣಿತದ ಏರುಪೇರು. ಇಂಗ್ಲಿಷಿನವರು ‘ಹ’ ಅಕ್ಷರವನ್ನು ಒಂದು ಹೆಜ್ಜೆ ಆಚೀಚೆ ಸರಿಸಿದ್ದಷ್ಟೇ. ಹೆಸರುಗಳಿಂದ ತಲೆ ಕೆಟ್ಟರೆ ಸಂಕೇತ ಹಿಡಿಯಿರಿ. ಅಂತರರಾಷ್ಟ್ರೀಯ ಭಾಷಾ ಸಂಕೇತದಲ್ಲಿ ಇದಕ್ಕೆ ‘ಕೆ ಎಚ್ ಡಬ್ಲ್ಯು’ ಎಂಬ ಮೂರಕ್ಷರ. ಹೆಸರು ಯಾವುದೇ ಇರಲಿ, ಆ ಮೂರಕ್ಷರ ಇದ್ದರೆ ಅದು ಖೋವಾರ್.

ಕನ್ನಡದಲ್ಲಿ ಬರೆಯುವಾಗ ‘ಖೋವಾರ್’ ಎಂದೇ ಬರೆಯಿರಿ, ಖಕ್ಕೆ ದೀರ್ಘ ಓ ಕೊಟ್ಟು. ‘ಖ್ವಾರ್’ ಅಂತ ಬರೆಯಬೇಡಿ. ಉರ್ದು, ಪಾರ್ಸಿಯಲ್ಲಿ ‘ಖ್ವಾರ್’ ಅಂದರೆ ಅವಮಾನಕ್ಕೊಳಗಾದ, ಹೀನಸ್ಥಿತಿಗೆ ಬಂದ ಅಂತ ಅರ್ಥ. ಉರ್ದು ಲಿಪಿಯಲ್ಲಿ ಈ ಎರಡು ಪದಗಳನ್ನು ಬರೆಯುವ ಖ ಅಕ್ಷರಗಳೇ ಬೇರೆ, ಅದರಿಂದ ಅಲ್ಲಿ ಗೊಂದಲ ಕಡಿಮೆ. ನಮ್ಮಲ್ಲಿ ಖ ಒಂದೇ ಇರುವುದರಿಂದ ನಾವೇ ಜಾಗ್ರತೆ ವಹಿಸಬೇಕು. ಒಂದು ಭಾಷೆಯ ಹೆಸರು ಬರೆಯಲು ಹೋಗಿ ಬೈದಂತೆ ಆಗಬಾರದು.

ಹೆಸರಿನ ಈ ಗೋಜಲು ನಮ್ಮ ಮನೆಯಲ್ಲೂ ಆಗಿದೆ. ಗೋವಾದಲ್ಲಿದ್ದ ಇಂಗ್ಲಿಷ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ವ್ಯಾಕರಣ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯಿತು. ಹೆಸರಿನಲ್ಲಿ ‘ಕನಾರಿಂ ಭಾಷೆ’ ಅಂತಿದೆ. ಕನ್ನಡದ್ದೇ ಇರಬೇಕು ಅಂತ ತೆರೆದರೆ ಒಳಗಿರುವುದು ಕೊಂಕಣಿ! ಪೋರ್ಚುಗೀಸರು ಅಲ್ಲಿನವರನ್ನೂ ಅವರ ಮಾತನ್ನೂ ಹಾಗೆ ಕರೆಯುತ್ತಿದ್ದರು. ಹೆಸರು ನೋಡಿ ಭಾಷೆ ಹೇಳಬಾರದು, ಎಣಿಕೆ ನೋಡಿ ಹೇಳಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇವತ್ತಿನ ಸ್ಥಿತಿಯಲ್ಲಿ ಖೋವಾರ್ ಎಂಬ ಹೆಸರೇ ಗೆದ್ದಿದೆ. ಭಾಷೆಗಾಗಿ ದಶಕಗಳಿಂದ ಕೆಲಸ ಮಾಡುತ್ತಿರುವ ಸ್ಥಳೀಯ ಸಂಘದ ಹೆಸರು ‘ಅಂಜುಮನ್ ತರಕ್ಕಿ ಎ ಖೋವಾರ್’. ಶಾಲೆಗಳಲ್ಲಿ ಪ್ರಾದೇಶಿಕ ಭಾಷೆಗಳನ್ನು ಕಲಿಸಲು ಖೈಬರ್ ಪಖ್ತೂನ್‌ಖ್ವಾ ಸರ್ಕಾರ ಆರಿಸಿದ ಐದು ಭಾಷೆಗಳಲ್ಲಿ ಇದೂ ಒಂದು, ಅಲ್ಲಿಯೂ ಖೋವಾರ್ ಎಂದೇ ಇದೆ. ಕಂಪ್ಯೂಟರಿನ ಯೂನಿಕೋಡ್‌ಗೆ 2008ರಲ್ಲಿ ಈ ಭಾಷೆಗೆ ಬೇಕಾದ ನಾಲ್ಕು ಅಕ್ಷರಗಳು ಸೇರಿದವು. ಅವುಗಳಲ್ಲಿ ಒಂದು ನಿಮ್ಮ ಅಜ್ಜ ‘ಒಷ್ಟ್’ ಎಂದು ಬರೆದರಲ್ಲ, ಆ ಷ. ಉರ್ದು ಲಿಪಿಯಲ್ಲಿ ಇಲ್ಲದ್ದನ್ನು ಚುಕ್ಕೆ, ಗುರುತು ಸೇರಿಸಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಕನ್ನಡದಲ್ಲಿ ಅದು ಮೊದಲೇ ಇತ್ತು.

ಚೀಟಿಯ ಮೇಲೆ ಹೀಗೆ ಬರೆಯಬಹುದು: ‘ಖೋವಾರ್ ಭಾಷೆಯ ಎಣಿಕೆ, ಕನ್ನಡ ಲಿಪಿಯಲ್ಲಿ. ಬರೆದವರು ಕೊಟ್ಟ ಹೆಸರು ಕಷ್ಕಾರಿ. ಇತರ ಹೆಸರುಗಳು ಚಿತ್ರಾಲಿ, ಅರ್ನಿಯಾ. ಪೇಷಾವರ, 1940ರ ದಶಕ. ಪೆನ್ಸಿಲ್ ಟಿಪ್ಪಣಿ ನಂತರದ್ದು.’ ‘ಕಷ್ಕಾರಿ’ಯನ್ನು ತಿದ್ದಿ ‘ಖೋವಾರ್’ ಮಾಡಿ ಇಟ್ಟುಬಿಡಬೇಡಿ. ಅಜ್ಜ ಎಲ್ಲಿ ಕೂತು ಇದನ್ನು ಕೇಳಿಸಿಕೊಂಡರು ಅಂತ ಹೇಳುತ್ತಿರುವುದು ಆ ಒಂದು ಪದ. ಇತರ ಹೆಸರುಗಳನ್ನೂ ಬರೆಯಿರಿ ಅಂದದ್ದು ಮುಂದೆ ಹುಡುಕುವವರಿಗೆ ಸಿಗಲಿ ಅಂತ. ಕೆಲವರು ಚಿತ್ರಾಲಿ ಅಂತ ಹುಡುಕುತ್ತಾರೆ, ಕೆಲವರು ಖೋವಾರ್ ಅಂತ.

ಹಿಂಬದಿಯ ಫೋಟೋವನ್ನು ದಯವಿಟ್ಟು ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಮತ್ತೊಮ್ಮೆ ತೆಗೆದು ಕಳಿಸಿ. ಅಲ್ಲಿ ಪದಗಳ ಒಂದು ಪಟ್ಟಿ ಇದ್ದ ಹಾಗಿದೆ. ಮೂರನೇ ಸಾಲಿನಲ್ಲಿ ‘ದ್ರೊಖುಮ್’ ಎಂದು ಓದಿದಂತಾಯಿತು, ಎದುರಿಗೆ ‘ಬೆಳ್ಳಿ’. ಅದು ನಿಜವಾಗಿದ್ದರೆ ಬಹಳ ಚೆನ್ನಾಗಿದೆ. ಖೋವಾರ್‌ನಲ್ಲಿ ಬೆಳ್ಳಿಗೆ ಇರುವ ಆ ಪದ ಗ್ರೀಕರ ನಾಣ್ಯದ ಹೆಸರು ‘ದ್ರಾಖ್ಮಾ’ದಿಂದ ಬಂದದ್ದು. ಅದರ ಕೆಳಗಿನ ಸಾಲು ನನಗೆ ಓದಲು ಆಗಲಿಲ್ಲ, ಶಾಯಿ ಹರಡಿದೆ.